ಉಡದ ಸೀರೆಗೆ ಕತ್ತರಿ

ಎಪ್ಪತ್ತೆಂಟರ ಚಳಿಗಾಲ. ಬಾದಾಮಿಯ ನಿಲ್ದಾಣದಲ್ಲಿ ಶಿವಯೋಗ ಮಂದಿರದ ಬಸ್ಸಿಗೆ ಕಾದು ಕೂತಿದ್ದ ಸಂಗಯ್ಯನವರ ಜಪ ಪಕ್ಕದ ಮಾತಿಗೆ ನಿಂತುಹೋಯಿತು. ಇಳಕಲ್ಲಿನಿಂದ ಬಂದಿಳಿದ ನೇಕಾರ ಗಂಡಹೆಂಡಿರು. ಗುಹೆಗಳ ಮುಂದೆ ಕುಣಿಯಲು ಬಂದ ದಿಲ್ಲಿಯ ರಾಷ್ಟ್ರೀಯ ಬ್ಯಾಲೆ ತಂಡ ಹೇಳಿ ನೇಯಿಸಿದ ಸೀರೆಯ ಗಂಟು ಗಂಡನ ತೊಡೆಯ ಮೇಲಿತ್ತು.

“ಹೊಸಾ ಸೀರಿಗೆ ಕತ್ತರಿ ಹಾಕ್ತಾರಂತ, ಖರೇನ?”

“ಹೂಂ. ಚಲ್ಲಣ ಹೊಲಿಸ್ತಾರ. ಜಿಗದು ಕುಣಿಯೋರು ನಿನ್ನಂಗ ನಿರಿಗಿ ಹಿಡಕೊಂಡು ಓಡಾಡ್ತಾರೇನು, ಗುರುಸಿದ್ದವ್ವ?”

“ಸೆರಗಿನ ಎಳಿಎಳಿಗೂ ಒಡಲಿನ ಎಳಿ ಕೂಡಿಸಿ ಕೊಂಡಿ ಹಾಕಿದಾಕಿ ನಾನು. ಯಾರರ ಉಟ್ಟು ಘಳಿಗಿ ಮುರೀದ, ಮಡಿಕಿ ಬಿಚ್ಚದ ಸೀರಿ ಕತ್ತರಸಬಾರದು.”

“ಹಂಗಾರ ನೀನ ಒಮ್ಮಿ ಉಟ್ಟು ಬಿಚ್ಚು.”

“ಥೂ, ಮಂದಿ ಸೀರಿ ನಾ ಉಡಲೇನು? ಕುಣಿಯಾಕಿನ ಉಡಬೇಕು. ಉಟ್ಟು ದೇವರಿಗೆ ಕೈ ಮುಗೀಲಿ, ಆಮ್ಯಾಲ ಕತ್ತರಿ ಹಾಕ್ಲಿ.”

“ಸಿಟ್ಟಿಗೆದ್ದು ಸೀರಿನ ಬ್ಯಾಡಂದ್ರ? ಮುಂದಿನ ಕೆಲಸಾನೂ ಹೋಗ್ತೈತಿ. ಅವರಿಗೆ ನಮ್ಮ ಮಾತ ತಿಳಿಯಂಗಿಲ್ಲ. ಹೆಂಗ ಹೇಳ್ತಿ?”

“ಹೇಳೋದ್ಯಾಕ? ಆಕಿ ಸೊಂಟಕ್ಕ ನಾನ ಸುತ್ತತೇನಿ.”

ಗಂಡ ಗಂಟನ್ನು ಅವಳ ಕೈಗಿತ್ತು ಎದ್ದ. ಸಂಗಯ್ಯನವರು ಕಾಲು ಮಡಚಿ ದಾರಿ ಬಿಟ್ಟರು. ಗುರುಸಿದ್ದವ್ವ ಮುಂದಾಗಿ, ಅವನು ಹಿಂದಾಗಿ, ಗುಹೆಗಳ ದಾರಿ ಹಿಡಿದರು.