ಕೊಡೆ ಮಾವನ ಮೊದಲ ಸಾವು

ನೆರೆದಿರುವ ಹಿರಿಯರೇ, ಡಾಕ್ಟರಮ್ಮನವರೇ, ಮಾತ್ರೆ ಚೀಟಿ ಹಿಡಿದೇ ಬಂದಿರುವ ನಮ್ಮ ಚಿಕಿತ್ಸಾ ಕೇಂದ್ರದ ಬಂಧುಗಳೇ, ಮುಂದಿನ ಸಾಲಿನಲ್ಲಿರುವ ಕೊಡೆ ಮಾವನ ಪತ್ನಿ, ನಮ್ಮೆಲ್ಲರ ಅತ್ತೆಯವರೇ, ಅವರ ಮಗಳೇ — ಎಲ್ಲರಿಗೂ ನಮಸ್ಕಾರ.

ಕೊಡೆ ಮಾವ ತೀರಿಕೊಂಡು ಎಂಟು ದಿನ. ಈ ಎಂಟು ದಿನದಲ್ಲಿ ಮೂವರು ಮಾತ್ರೆಗೆ ಬಂದಿಲ್ಲ — ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ತಪ್ಪೊಪ್ಪಿಗೆ. ಇದು ಮಾವನ ಎರಡನೆಯ ಸಾವು. ಮೊದಲನೆಯದನ್ನು ದಯಪಾಲಿಸಿದವನು ಕೇಂದ್ರದ ಫೈಲು ಗುಮಾಸ್ತನಾದ ನಾನು.

ಹತ್ತೊಂಬತ್ತು ವರ್ಷದ ಹಿಂದೆ ಅವರನ್ನು ಚಾಪೆ ಸಮೇತ ಎತ್ತಿಕೊಂಡು ಬಂದರು. ತೂಕ ಮೂವತ್ತನಾಲ್ಕು ಕಿಲೊ. ಎಚ್‌ಐವಿ ಬಹಳ ಮುಂದುವರಿದಿತ್ತು, ಜೊತೆಗೆ ಕ್ಷಯ. ಅವರೇ ಊರೆಲ್ಲ ಹೇಳಿಕೊಂಡು ತಿರುಗಿದ ಗುಟ್ಟು, ಅದಕ್ಕೇ ಹೇಳುತ್ತಿದ್ದೇನೆ. ರೋಗ ತಡೆಯುವ, ಐನೂರರ ಮೇಲಿರಬೇಕಾದ ಸಿಡಿ4 ಕಣ — ಹನ್ನೊಂದು! ಡಾಕ್ಟರಮ್ಮ ಮುಖ ಸಣ್ಣದು ಮಾಡಿಕೊಂಡರೆ, ಇವರು ಮಲಗಿದಲ್ಲಿಂದಲೇ, "ಹನ್ನೊಂದಿದ್ರೆ ಟೀಮ್ ಆಯ್ತಲ್ಲಮ್ಮಾ, ಆಡ್ಸಿ" ಅಂದರು.

ಆಡಿಸಿದರು. ಮಾತ್ರೆ ಶುರುವಾಗಿ ಎರಡು ತಿಂಗಳಾಗಿತ್ತು, ಆಸಾಮಿ ನಾಪತ್ತೆ. ನಾನೋ ಮಹಾ ಬುದ್ಧಿವಂತ. ಇಂಥ ಸ್ಥಿತಿಯವರು ಬರಲಿಲ್ಲವೆಂದರೆ ಇನ್ನೇನು — ಫೈಲಿನ ಮೇಲೆ ಪೆನ್ಸಿಲಿನಲ್ಲಿ 'ಮೃತ' ಎಂದು ಬರೆದು, ಹಿಂದಿನ ಬೀರುವಿಗೆ ಸೇರಿಸಿ, ಒಂದು ನಿಟ್ಟುಸಿರು ಬಿಟ್ಟೆ. ಕಚೇರಿ ವೇಳೆಯಲ್ಲೇ ಬಿಟ್ಟೆ.

ಮರುವಾರ ಕಿಟಕಿಯಲ್ಲಿ ಒಂದು ತಲೆ. "ಗುಮಾಸ್ತರೇ, ನನ್ನ ಫೈಲು?" ಹುಡುಕಿದೆ, ಬೆವರಿದೆ, ಕೊಟ್ಟೆ. ಓದಿದರು. ನನ್ನನ್ನು ನೋಡಿದರು.

"ರಬ್ಬರ್ ಇದ್ಯಾ ಸ್ವಾಮಿ? ಮಾತ್ರೆ ನುಂಗಿದ್ರೆ ವಾಂತಿ ಅಂತ ಮನೇಲಿ ಬಿದ್ಕೊಂಡಿದ್ದೆ, ನನ್ ಹೆಂಡ್ತಿ ಎಳ್ಕೊಂಡು ಬಂದ್ಲು. ಸತ್ತಿದ್ರೆ ಹೇಳಿ ಕಳಿಸ್ತಿರ್ಲಿಲ್ವೆ?"

ಅಂದೇ ಕಾನೂನು ಜಾರಿಯಾಯಿತು — ಯಾರಾದರೂ ಹೋಗಿ ಕದ ತಟ್ಟದೆ ಒಂದು ಫೈಲೂ ಆ ಬೀರುವಿಗೆ ಹೋಗಕೂಡದು. ಮೈಗೆ ಶಕ್ತಿ ಬಂದ ಮೇಲೆ ತಟ್ಟುವ ಕೆಲಸಕ್ಕೂ ಅವರೇ ಸೇರಿದರು. ನೆರೆಮನೆಗೆ ಸುಳಿವು ಸಿಗಬಾರದಲ್ಲ — ಸುಡು ಬಿಸಿಲಲ್ಲೂ ಕರಿ ಕೊಡೆ ಹಿಡಿದು ಹೋಗಿ, "ಅಕ್ಕಾ, ಕೊಡೆ ಬಿಟ್ಟು ಬಂದಿದ್ದೀರಲ್ಲ!" ಎಂದು ಗಟ್ಟಿಯಾಗಿ ಕೂಗುವುದು. ಒಬ್ಬ ಮಹಾನುಭಾವರು ಕೊಡೆಯನ್ನು ನಿಜಕ್ಕೂ ಇಸಿದುಕೊಂಡು ಬಾಗಿಲು ಹಾಕಿಕೊಂಡರು! ಮಾವ ಮತ್ತೆ ತಟ್ಟಿದರು. ಅವರು ಯಾರೆಂದು ನಾನು ಹೇಳುವುದಿಲ್ಲ. ಈಗ ಜೋರಾಗಿ ನಕ್ಕವರು ತಾವೇ ಸಿಕ್ಕಿಬಿದ್ದರು.

ಎಲ್ಲ ಬಾಗಿಲೂ ತೆರೆಯಲಿಲ್ಲ. ಕೆಲವು ಮನೆಗಳಿಂದ ಕೊಡೆ ಮಡಿಸಿಕೊಂಡು ಮರಳಿದ್ದೂ ಉಂಟು. ಆದರೆ ನಾನು ಮನಸ್ಸಿನಲ್ಲೇ ಕೊಂದು ಮುಗಿಸಿದ್ದ ಅರವತ್ತಕ್ಕೂ ಹೆಚ್ಚು ಜನರನ್ನು ಅವರು ನಡೆಸಿಕೊಂಡು ಬಂದರು.

ಅಂಥವರು ಎಪ್ಪತ್ತೊಂದನೆಯ ವಯಸ್ಸಿಗೆ, ಊಟ ಮುಗಿಸಿ, ಮಗಳೊಡನೆ ವಾದ ಮಾಡಿ, ಗೆದ್ದು, ಮಲಗಿದಲ್ಲೇ ಹೃದಯ ನಿಂತು ಹೋದರು. "ಇದು ಮುದುಕರಿಗೆ ಬರೋ ಸಾವು ಕಣ್ರೀ!" — ಡಾಕ್ಟರಮ್ಮ ಅಳುತ್ತಲೇ ನಕ್ಕರು.

ಕಾನೂನು ಕಾನೂನೇ. ನಿನ್ನೆ ನಾನೇ ಹೋಗಿ ಅವರ ಮನೆಯ ಕದ ತಟ್ಟಿದೆ. ಅತ್ತೆ ಬಾಗಿಲು ತೆರೆದರು. "ಈ ಸಲ ನಿಜ ಕಣಪ್ಪ. ಪೆನ್ನಲ್ಲೇ ಬರಿ" ಅಂದರು. ಒಳಗೆ ಹೋಗಿ — ಇಗೋ, ಇದನ್ನು — ತಂದು ಕೈಗಿಟ್ಟರು.

ಮಾತ್ರೆಗೆ ಬಾರದ ಆ ಮೂವರ ವಿಳಾಸ ನನ್ನ ಜೇಬಿನಲ್ಲಿದೆ. ಕುರ್ಚಿ ಬಿಟ್ಟೇಳದ ನನ್ನ ಕೀರ್ತಿ ನಿಮಗೆ ಗೊತ್ತೇ ಇದೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ ಸದ್ದಿಲ್ಲದೆ ಮಾವನನ್ನು ನೆನೆಯೋಣ. ಆಮೇಲೆ ನೀವು ಕೂರಬಹುದು. ನಾನು ಕೂರುವಂತಿಲ್ಲ — ಮೊದಲನೆಯ ಮನೆ ದೂರವಿದೆ, ಬಿಸಿಲೂ ಜೋರಾಗಿದೆ. ಪರವಾಗಿಲ್ಲ, ಕೊಡೆ ಇದೆ.