ಮಗಳ ಹೆರಳು

ಸಿಂದಗಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕುಳಿತಿದ್ದ ಯುವತಿಗೆ ನೀರಿನ ಬಾಟಲಿಯ ಮುಚ್ಚಳ ತೆಗೆಯಲಾಗಲಿಲ್ಲ. ಆಚೆ ಕುಳಿತಿದ್ದ ಹಿರಿಯ ಹೆಂಗಸು ತೆಗೆದುಕೊಟ್ಟು, ಅವಳ ಊದಿದ ಬೆರಳುಗಳನ್ನೇ ನೋಡಿದರು.

“ಸಂದಿವಾತ ಏನವಾ?”

“ಹೌದ್ರಿ. ಎರಡು ವರ್ಷಾತು.”

“ನನಗ ಹನ್ನೊಂದು ವರ್ಷ. ನಾ ರಂಗೂಬಾಯಿ. ನಿನ್ನ ಹೆಸರು?”

“ರೇಣುಕಾ ರಿ.”

“ಗುಳಿಗಿ ತಗೋಳಾಕತ್ತಿಯೋ ಇಲ್ಲೊ?”

“ಬಿಟ್ಟು ತಿಂಗಳಾತ್ರಿ. ನೋಡಾಕ ಚಲೋನ ಇದ್ದಿ, ಸೋಗು ಹಾಕ್ತಿ ಅಂತಾರ್ರಿ ಮನ್ಯಾಗ.”

“ನನಗೂ ಅಂದ್ರು. ಗುಳಿಗಿ ಮಾತ್ರ ಬಿಡಬ್ಯಾಡ. ಪ್ರತಿ ಗುರುವಾರ ಇಂಡಿ ಊರಾಗ ನಮ್ಮ ಮನ್ಯಾಗ ಇಂಥಾ ಏಳೆಂಟು ಹೆಣ್ಮಕ್ಕಳು ಕೂಡ್ತೇವಿ. ಇವತ್ತ ಗುರುವಾರನ ಐತಿ, ನೀನೂ ಬಾ.”

“ಬಂದು ಏನ್ ಮಾಡೂದ್ರಿ?”

“ಬ್ಯಾನಿ ಹೇಳ್ಕೊಳ್ಳೂದು. ಅಲ್ಲಿ ಯಾರೂ ಸುಳ್ಳು ಅನ್ನೂದಿಲ್ಲ. ಡಾಕ್ಟರು ಹೇಳಿದ ಬೆರಳಿನ ವ್ಯಾಯಾಮ ಎಲ್ಲಾರೂ ಕೂಡಿ ಮಾಡ್ತೇವಿ.”

ರೇಣುಕಾ ತನ್ನ ಬೆರಳುಗಳನ್ನು ಮಡಚಲು ನೋಡಿದಳು.

“ಅದನ್ನ ಮಾಡಿದ್ರ ಹೆರಳು ಹಾಕಾಕ ಬರ್ತದೇನ್ರಿ?”

“ಯಾರಿಗೆ?”

“ಮಗಳಿಗ್ರಿ. ಏಳು ವರ್ಷದಾಕಿ. ನಿನ್ನೆ ತಾನ ಕತ್ತರಿ ತಗೊಂಡು ಕೂದಲಾ ಕತ್ತರಿಸ್ಕೊಂಡಾಳ್ರಿ. ‘ಇನ್ನ ನಿನ್ನ ಕೈ ನೋಯೂದಿಲ್ಲ ಬೇ ಅವ್ವಾ’ ಅಂದಳು.”

ಇಂಡಿ ಬಸ್ಸು ಬಂದಾಗ ರಂಗೂಬಾಯಿ ರೇಣುಕಾಳ ಚೀಲವನ್ನು ತಮ್ಮ ಹೆಗಲಿಗೆ ಹಾಕಿಕೊಂಡು, ಅವಳ ಮೊಳಕೈ ಹಿಡಿದರು. ಇಬ್ಬರೂ ಒಂದೊಂದೇ ಮೆಟ್ಟಿಲು ಹತ್ತಿ ಒಳಗೆ ಹೋದರು.