ಹುಸೇನಪ್ಪನ ಇಂಜಿನ್ನು

ಆದವಾನಿಗೆ ಮಳೆ ಬರುವುದೇ ಅಪರೂಪ; ಬಂದರೆ ಜಗಳಕ್ಕೆ ಬಂದವರ ಹಾಗೆ ಬರುತ್ತದೆ. ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಕಾರ್ತಿಕ. ಹೊತ್ತು ಇಳಿಯುವಾಗ ಸಿದ್ದಬಸಪ್ಪ ಸಾಹುಕಾರರ ಹತ್ತಿ ಬಿಡಿಸುವ ಜಿನ್ನಿನ ತಗಡಿನ ಮೇಲೆ ಅದು ಬಿದ್ದ ರಭಸಕ್ಕೆ ಹೆಂಗಸರು, ಹಮಾಲರು ಎಲ್ಲ ಕೆಲಸ ಬಿಟ್ಟು ಹತ್ತಿಯ ಬೇಲುಗಳ ಮೇಲೆ ಹತ್ತಿ ಕೂತರು. ಓಬಳೇಶ ಮಾತ್ರ ಬಾಗಿಲ ಬಳಿ ನಿಂತಿದ್ದ. ಎಮ್ಮಿಗನೂರಿನವನು, ಬಳ್ಳಾರಿಯಲ್ಲಿ ಇಂಜಿನ್ ಕೆಲಸ ಕಲಿತು ಬಂದವನು. ನಾಳೆಯಿಂದ ಜಿನ್ನಿಗೆ ದೀಪ ಕೊಡುವ ಡೀಸಲ್ ಇಂಜಿನ್ನು, ಡೈನಮೋ ಎರಡೂ ಅವನ ಸುಪರ್ದಿಗೆ. ದೆವ್ವ ಗಿವ್ವ ಅವನು ನಂಬುವವನಲ್ಲ. ಆದರೆ ಕೆಲಸ ಬಿಡುತ್ತಿದ್ದ ಮುದುಕ ಏಕಾಂತಪ್ಪ ಬೆಳಿಗ್ಗೆ ಕೀಲಿಕೈ ಕೊಡುವಾಗ ಎರಡು ಸಲ ಕೈ ಹಿಂದಕ್ಕೆ ಎಳೆದುಕೊಂಡದ್ದು ಅವನ ಮನಸ್ಸಿನಿಂದ ಹೋಗಿರಲಿಲ್ಲ.

"ಏಕಾಂತಪ್ಪಜ್ಜಾ, ಈ ಹುಡುಗಗ ಹುಸೇನಪ್ಪನ ಸುದ್ದಿ ಹೇಳೇ ಇಲ್ಲಲ್ಲ?" ಎಂದಳು ಜಿನ್ನಿನ ಕೊಟ್ರಮ್ಮ. "ಕೇಳಿದ್ರ ಎಮ್ಮಿಗನೂರ ದಾರಿ ಹಿಡೀತಾನಂತ ಅಂಜಿಕಿಯೇನು?"

"ಹೇಳ್ಲಿ ಬಿಡವ್ವ, ಮಳಿ ನಿಲ್ಲೋತನಕ ಹೊತ್ತು ಹೋಗ್ಬೇಕಲ್ಲ," ಎಂದು ಓಬಳೇಶ ನಕ್ಕ.

ಏಕಾಂತಪ್ಪ ಎಲೆಯಡಿಕೆಯನ್ನು ಒಂದು ಕೆನ್ನೆಗೆ ಸರಿಸಿದ.

"ಕೇಳ್ರಪ್ಪಾ... ಹನ್ನೊಂದು ವರ್ಷದ ಮಾತು. ಆವಾಗ ಆ ಇಂಜಿನ್ನಿಗೆ ಹುಸೇನಪ್ಪ ಡ್ರೈವರು, ನಾನು ಅವನ ಕೈಕೆಳಗ. ಪಿಂಜಾರರಾವ, ತಾತ ಮುತ್ತಾತನ ಕಾಲದಿಂದ ಹತ್ತಿ ಹಿಂಜಿದ ಮನಿತನ, ಅವನ ಬೆರಳಿಗೆ ಕಬ್ಬಿಣನೂ ಹತ್ತಿಯಷ್ಟ ಹಗುರ. ಹೆಂಡತಿ ದಸ್ತಗಿರಮ್ಮ. ಇಂಜಿನ್ ಕೋಣಿಗೆ ಆನಿಸಿ ಕಟ್ಟಿದ ಚಪ್ಪರದಾಗ ಇಬ್ಬರದ ಸಂಸಾರ, ಮಕ್ಕಳಿಲ್ಲ ಮರಿಯಿಲ್ಲ. ಇಂಜಿನ್ನು ಡಬ್ ಡಬ್ ಅಂತಿದ್ರ ಗಂಡ ಕೆಲಸದ ಮ್ಯಾಗ ಅದಾನ ಅಂತ ಆಕಿಗೆ ಸಮಾಧಾನ. ನಿಂತ್ರ, ರೊಟ್ಟಿ ಬಡಿಯಾಕ ಕೂಡಾಕಿ. ಬ್ಯಾರೆ ಗಡಿಯಾರ ಯಾಕ ಬೇಕು ಹೇಳ್ರಿ?

"ಆ ವರ್ಷ ಶ್ರಾವಣದಾಗ ಚಳಿಜ್ವರ ಬಂದು ಮೂರ ದಿನದಾಗ ಹುಸೇನಪ್ಪ ಹೋಗಿಬಿಟ್ಟ. ಮಣ್ಣು ಮಾಡೋ ದಿನ ಆಕಿ ಅಳಲಿಲ್ಲ ನೋಡು... ಮರುದಿನ ನಾನು ಇಂಜಿನ್ ಸುರು ಮಾಡಿದಾಗ, ಗೋಡಿಗೆ ಕಿವಿ ಹಚ್ಚಿ ಅತ್ತಳು.

"ದಸರಾ ಬಂತು, ಆಯುಧಪೂಜಿ. ಹುಸೇನಪ್ಪ ಇದ್ದಾಗ ಗಾಲಿಗೆ ಪೂಜಿ ಮಾಡ್ರಿ, ಎಣ್ಣಿ ಟ್ಯಾಂಕಿನ ತಂಟಿಗೆ ಹೋಗಬ್ಯಾಡ್ರಿ ಅಂತಿದ್ದ, ಯಾಕಂತ ಹೇಳಾಂವಲ್ಲ. ಈಗ ನಾನ ದೊಡ್ಡಾಂವಲ್ಲ? ಇಂಜಿನ್ನ ತೊಳದು, ಚೆಂಡುಹೂವಿನ ಸರ ಹಾಕಿ, ವಿಭೂತಿ ಕಲಸಿ ಟ್ಯಾಂಕಿನ ಮುಚ್ಚಳದ ಮ್ಯಾಗ ಮೂರು ಬೆರಳಿಲೆ ದಪ್ಪಗ ಎಳದೆ. ನನ್ನ ಕಣ್ಣಿಗೆ ಅದು ಹಣಿ ಇದ್ದಂಗ ಕಾಣತಿತ್ತು!

"ಮರುದಿನ ಇಂಜಿನ್ನು ಸುರುವಾತು, ಕಾಲು ತಾಸು ಓಡ್ತು... ಉಸಿರು ಕಟ್ಟಿದಂಗ ನಿಂತುಬಿಡ್ತು. ಫಿಲ್ಟರ್ ತೊಳದೆ. ಪೈಪಿನಾಗಿನ ಗಾಳಿ ಬಿಟ್ಟೆ. ನಾಸಲ್ ಬಿಚ್ಚಿ ನೋಡಿದ್ರ ಎಣ್ಣಿ ಚಲೋ ಚಿಮ್ಮತೈತಿ. ವಾಲ್ವು ನೋಡಿದೆ. ಸಿಲಿಂಡರಿಗೆ ಒಂದು ಚಮಚ ಎಣ್ಣಿ ಬಿಟ್ಟು ತಿರುವಿದೆ, ರಟ್ಟಿ ಬಿದ್ದುಹೋದ್ವು. ಟ್ಯಾಂಕಿನಾಗ ಎಣ್ಣಿ ಐತೇನಂತ ಮುಚ್ಚಳ ತಗದು ನೋಡಿ ಹಾಕಿದಾಗೆಲ್ಲ ಒಂದೀಟು ಓಡೋದು, ಮತ್ತ ಸಾಯೋದು. ಹಿಂಗ ನಾಕು ದಿನ! ಜಿನ್ನಿನಾಗ ಕಂದೀಲು ಹಚ್ಚಂಗಿಲ್ಲ, ಒಂದು ಕಿಡಿ ಬಿದ್ರ ಎಲ್ಲ ಬೂದಿ. ಸಂಜಿ ಪಾಳಿ ನಿಂತುಹೋತು. ಹುಸೇನಪ್ಪ ಬಂದು ಇಂಜಿನ್ನಿನ ಕುತ್ತಿಗಿ ಹಿಚುಕತಾನ ಅಂತ ಮಂದಿ ಮಾತಾಡಿದ್ರು. ಕೊಟ್ರಮ್ಮಾ, ನೀನೂ ಅಂದಿದ್ದಿ."

"ಎಲ್ಲಾರೂ ಅಂದ್ರು, ನಾನೂ ಅಂದೆ," ಎಂದು ಕೊಟ್ರಮ್ಮ ಸೆರಗು ಹೊದ್ದುಕೊಂಡಳು.

"ಸಾಹುಕಾರ್ರು ಬಂದು, 'ಪೋನೀ, ಹೋಗ್ಲಿ ಬಿಡು ಏಕಾಂತಪ್ಪಾ, ಸತ್ತೋನ ಕೂಡ ಜಗಳ್ಯಾಕ? ನಾಳಿ ಬೆಳಿಗ್ಗೆ ಗಾಡಿ ಬರತೈತಿ, ಬಳ್ಳಾರಿ ಗುಜರಿಗೆ ಕಳಿಸಿಬಿಡು' ಅಂದ್ರು. ಸುದ್ದಿ ಕೇಳಿ ಸಂಜಿಮುಂದ ದಸ್ತಗಿರಮ್ಮ ಬಂದಳು. ನಾನು ಅಲ್ಲೇ ಅದೀನಿ ಅನ್ನೋದು ಸೈತ ಆಕಿಗೆ ಕಾಣಲಿಲ್ಲ. ಗಾಲಿಗೆ ಬೆನ್ನು ಕೊಟ್ಟು ಕೂತಳು. 'ನಿಮ್ಮನ್ನ ದೆವ್ವ ಅಂತಾರ, ಕೇಳಿದ್ರಿ?' ಅಂದಳು... ಗಂಡನ ಹೆಸರು ಹಿಡದು ಎಂದೂ ಕರದಾಕಿ ಅಲ್ಲ. 'ನೀವು ಒಂದಿನ ಇದಕ್ಕ ಬೈದೋರಲ್ಲ, ಬೈದಿದ್ದೆಲ್ಲ ನನಗ. ಇದರ ಸದ್ದು ಐತಂತ ನಾನು ಎರಡು ತಿಂಗಳು ಜೀವ ಹಿಡದೀನಿ. ನಾಳಿ ಇದನ್ನೂ ಒಯ್ತಾರ. ನೀವೂ ಇದರ ಹಿಂದ ಹೋಗೋರಾ? ... ಹೋದ್ರ, ಹೇಳಿ ಹೋಗ್ರಿ.'

"ನನಗ ನೋಡಾಕ ಆಗಲಿಲ್ಲ, ಮಾರಿ ಆಕಡಿ ತಿರುವಿದೆ. ಆವಾಗ ನೋಡ್ರಿ... ಟ್ಯಾಂಕಿನ ಮ್ಯಾಗ ಯಾರೋ ಬೆರಳಿನ ಗೆಣ್ಣಿಲೆ ಬಡದಂಗ... ಟಕ್. ಟಕ್. ತಿರುಗಿದೆ. ಆಕಿ ಕೂತಲ್ಲೇ ಕೂತಾಳ, ಎರಡೂ ಕೈ ಉಡಿಯಾಗ. ಮುಚ್ಚಳದ ಮ್ಯಾಗ ನನ್ನ ವಿಭೂತಿ ಗೆರಿ ಅಡ್ಡ ಯಾರೋ ಎಣ್ಣಿ ಹೆಬ್ಬಟ್ಟಿಲೆ ಒರಸ್ಯಾರ. ಆ ಗುರುತಿನ ನಡುವ ಸಾಸಿವಿಯಷ್ಟು ಒಂದು ತೂತು!"

"ಗಾಳಿ ತೂತು!" ಓಬಳೇಶನ ಬಾಯಿಂದ ಮಾತು ಹಾರಿತು. "ವಿಭೂತಿ ಒಣಗಿ ಮುಚ್ಚಿತ್ತು. ಗಾಳಿ ಒಳಗ ಹೋಗದ ಟ್ಯಾಂಕಿನಿಂದ ಎಣ್ಣಿ ಹೆಂಗ ಇಳೀಬೇಕು? ಅಜ್ಜಾ, ಇದು ನಿಮ್ಮ ತಪ್ಪು, ದೆವ್ವದ್ದಲ್ಲ!"

ಹಮಾಲರು ಗೊಳ್ಳೆಂದು ನಕ್ಕರು. ಏಕಾಂತಪ್ಪನೂ ನಕ್ಕ.

"ಹೌದಪ್ಪಾ ಜಾಣಾ, ಹಚ್ಚಿದ್ದು ನಾನ. ಒರಸಿದ್ದು ಯಾರು, ಅದನ್ನ ಹೇಳು."

ಓಬಳೇಶ ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದ.

"ಆಕಿ ಎದ್ದು ಬಂದು ಆ ಗುರುತಿನ ಮ್ಯಾಗ ತನ್ನ ಹೆಬ್ಬಟ್ಟು ಇಟ್ಟಳು. ಬೆಳಗಿನಿಂದ ತಣ್ಣಗ ಬಿದ್ದ ಕಬ್ಬಿಣ ಅದು... 'ಏಕಾಂತಣ್ಣಾ, ಬೆಚ್ಚಗೈತಿ' ಅಂದಳು. ನಾನು ಮುಟ್ಟಲಿಲ್ಲ. ಅದು ನಾನು ಮುಟ್ಟೋದಲ್ಲ ಅನ್ನಿಸ್ತು. ಹ್ಯಾಂಡಲ್ ತಿರುವಿದೆ, ಆಕಿ ಲಿವರ್ ಇಳಿಸಿದಳು. ಡಬ್... ಡಬ್... ಡಬ್! ಬಲ್ಬು ಕೆಂಪಗಾಗಿ, ಹಳದಿಯಾಗಿ, ಕೋಣಿ ತುಂಬ ಬೆಳಕಾತು. ಆ ಬೆಳಕಿನಾಗ ಆಕಿ ಯಾರನ್ನೋ ನೋಡಿ ನಾಚಿ ತಲಿ ಮ್ಯಾಗ ಸೆರಗು ಎಳಕೊಂಡಳು. ನನ್ನ ನೋಡಿ ಅಲ್ಲ... ಮರುದಿನ ಬಳ್ಳಾರಿ ಗಾಡಿ ಬರಿದ ಹೋತು."

ಮಳೆ ಸಣ್ಣಗಾಗಿತ್ತು. ಒಬ್ಬೊಬ್ಬರಾಗಿ ಬೇಲುಗಳಿಂದ ಇಳಿಯತೊಡಗಿದರು. ಓಬಳೇಶ ಮಾತ್ರ ಕದಲಲಿಲ್ಲ.

"ಆಯಮ್ಮ ಈಗ ಎಲ್ಲಿ ಅದಾಳ್ರಿ?" ಎಂದ. ತನ್ನ ದನಿ ಇಳಿದದ್ದು ಅವನಿಗೇ ಕೇಳಿಸಿತು.

"ಹೋದ ಮಾಗಿಯಾಗ ತೀರಿಕೊಂಡಳು. ಅದೇ ಚಪ್ಪರದಾಗ, ನಿದ್ದಿಯಾಗ." ಏಕಾಂತಪ್ಪ ಎದ್ದು, ಕಂಬಳಿ ಹೆಗಲಿಗೆ ಹಾಕಿಕೊಂಡು, ಹುಡುಗನ ಹತ್ತಿರ ಬಂದು ನಿಂತ. "ಅಲ್ಲೀತನಕ ನಾನು ಇಂಜಿನ್ ಕೋಣಿಯೊಳಗ ಸರ್ರನ ಹೋಗ್ತಿದ್ದೆ, ಹುಸೇನಪ್ಪ ಒಬ್ಬನ ಇದ್ದ, ಗಂಡಸು ಗಂಡಸಿಗೆ ಏನು ಸಂಕೋಚ? ಈಗ ಹಂಗ ನುಗ್ಗಾಕ ಮನಸ್ಸು ಬರವಲ್ದು. ನೀನೂ ನಾಳಿ ಒಳಗ ಹೋಗೋ ಮುಂದ ಹೊರಗ ನಿಂತು ಒಂದು ಸಲ ಕೆಮ್ಮು, ಮಗನಾ... ಗಂಡ ಹೆಂಡತಿ ಇರೋ ಮನಿ ಅದು."